ಜೋಕಾಲಿ ಹಗ್ಗ ಮತ್ತು ಹತ್ತೊಂಬತ್ತನೇ ಗೇಟು

ಪಂಚಮಿ ಮುಗಿದು ಒಂದೇ ದಿನವಾಗಿತ್ತು. ಊರಿಂದ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿ ಇನ್ನೂ ಅರ್ಧ ಡಬ್ಬಿ ಉಳಿದಿದ್ದವು. ಭಾನುವಾರ ನಸುಕಿನಲ್ಲಿ ಸೋದರಮಾವನ ಫೋನು ಬಂತು.

"ಗೇಟ್ ಕಿತ್ಕೊಂಡು ಹೋಗೇತಂತ ಅಳಿಯಾ."

ನಿದ್ದೆಗಣ್ಣಿನಲ್ಲಿ ನನಗೆ ನೆನಪಾದದ್ದು ಮಾವನ ಹಿತ್ತಲಿನ ಗೇಟು. ಅದರ ಕೀಲು ಮುರಿದು ಎರಡು ವರ್ಷವಾಗಿತ್ತು, ತಂತಿ ಸುತ್ತಿ ನಿಲ್ಲಿಸಿದ್ದ. "ಎಮ್ಮಿ ಹಾಯ್ತೇನು?" ಅಂದೆ.

"ಡ್ಯಾಮಿನ ಗೇಟೋ ಮಾರಾಯ! ಹತ್ತೊಂಬತ್ತನೇದು. ನೀ ಅಲ್ಲೇ ಹತ್ರ ಅದೀಯಲ್ಲ, ಏನಾಗೇತಿ ನೋಡಿ ಹೇಳು. ನೆಲ್ಲು ಹಚ್ಚಿ ಹತ್ತು ದಿನ ಆಗಿಲ್ಲ ಇಲ್ಲಿ."

ನಾನಿರುವುದು ಹೊಸಪೇಟೆಯಲ್ಲಿ. ಮಾವನ ಊರು ಕಾರಟಗಿ ಕಡೆ, ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಊರು. ಅಲ್ಲಿನವರಿಗೆ ತುಂಗಭದ್ರಾ ಡ್ಯಾಮ್ ಅಂದರೆ ಕಾಣದ ದೇವರಿದ್ದ ಹಾಗೆ. ಕಣ್ಣಿಗೆ ಬೀಳುವುದು ಕಾಲುವೆ ಮಾತ್ರ, ನಂಬಿಕೆಯೆಲ್ಲ ಡ್ಯಾಮಿನ ಮೇಲೆ. ಮಳೆಗಾಲ ಬಂತೆಂದರೆ ಚಹಾದಂಗಡಿಯಲ್ಲಿ ಮೊದಲ ಮಾತೇ "ಇವತ್ತು ಎಷ್ಟೈತಂತ?" ಅಡಿ, ಒಳಹರಿವು, ಟಿಎಂಸಿ (ನೂರು ಕೋಟಿ ಘನ ಅಡಿ ನೀರು) ಇವೆಲ್ಲ ಅಕ್ಷರ ಬಾರದವರಿಗೂ ಬಾಯಿಪಾಠ.

ಬೈಕ್ ತೆಗೆದುಕೊಂಡು ಡ್ಯಾಮಿನ ಕಡೆ ಹೊರಟೆ. ಬೇರೆ ವರ್ಷಗಳ ಆಗಸ್ಟಿನಲ್ಲಿ ಈ ದಾರಿ ಜಾತ್ರೆಯ ಹಾಗಿರುತ್ತದೆ. ಗೇಟು ಬಿಟ್ಟಿದ್ದಾರೆ ಅಂತ ಗೊತ್ತಾದರೆ ಸಾಕು, ಕಾರು, ಟಂಟಂ, ಮೆಕ್ಕೆತೆನೆ ಸುಡುವವರು, ಮಿರ್ಚಿ-ಮಂಡಕ್ಕಿ ಗಾಡಿಗಳು ಸಾಲುಗಟ್ಟುತ್ತವೆ. ಅವತ್ತು ಪೊಲೀಸರು ಅಡ್ಡ ನಿಂತಿದ್ದರು. ಮುಂದೆ ಬಿಡಲಿಲ್ಲ. ದೂರದಿಂದ ನೀರಿನ ಸದ್ದು ಕೇಳಿಸುತ್ತಿತ್ತು. ಪ್ರತಿ ವರ್ಷ ಕೇಳುವ ಸದ್ದೇ, ಆದರೂ ಅವತ್ತು ಅದಕ್ಕೆ ಯಾರೂ ಮೊಬೈಲ್ ಹಿಡಿದು ನಗಲಿಲ್ಲ.

ಆದದ್ದು ಇಷ್ಟು. 2024ರ ಆಗಸ್ಟ್ 10ರ ಶನಿವಾರ ರಾತ್ರಿ, ಡ್ಯಾಮ್ ತುಂಬಿ ತುಳುಕುತ್ತಿದ್ದಾಗ, ಕಟ್ಟೆಯ ನೆತ್ತಿಯ ಮೇಲೆ ಕೂತ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿಯ ಕೊಂಡಿ ತುಂಡಾಯಿತು. ಗೇಟು ನೀರಿನ ಜೊತೆ ಹೋಯಿತು. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಅವನ್ನು ಏತದ ಹಾಗೆ ತೂಗುಹಾಕಿದ್ದರು: ಒಂದು ಕಡೆ ಗೇಟು, ಇನ್ನೊಂದು ಕಡೆ ಸರಿತೂಕದ ಭಾರ, ನಡುವೆ ಸರಪಳಿ. ಡ್ಯಾಮ್ ನೀರು ಹಿಡಿಯತೊಡಗಿದ್ದು 1953ರಲ್ಲಿ. ಅಂದರೆ ಎಪ್ಪತ್ತು ವರ್ಷದ ಏತ.

ಸುದ್ದಿ ಊರೂರಿಗೆ ಹಬ್ಬುವ ಹೊತ್ತಿಗೆ ಅದು "ಗೇಟ್ ಹೋಯ್ತು" ಎಂಬುದರಿಂದ "ಡ್ಯಾಮ್ ಒಡೀತು" ಎಂಬಲ್ಲಿಗೆ ಬಂದಿತ್ತು. ವಾಟ್ಸಾಪಿನಲ್ಲಿ ಎಲ್ಲಿಯದೋ ಪ್ರವಾಹದ ವಿಡಿಯೋಗಳು. ಕಂಪ್ಲಿಯಲ್ಲಿರುವ ನಮ್ಮ ಬೀಗರು ಕಾಗದಪತ್ರ, ಬಂಗಾರ ಗಂಟುಕಟ್ಟಿ ಕೂತಿದ್ದರು. ಅವರದು ಅತಿಯಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ. 2009ರ ಅಕ್ಟೋಬರ್ ಮೊದಲ ವಾರ ಇದೇ ನದಿ ಮಂತ್ರಾಲಯಕ್ಕೆ ನುಗ್ಗಿತ್ತು, ಕರ್ನೂಲು ಮುಳುಗಿತ್ತು. 2019ರಲ್ಲಿ ಹಂಪಿ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತಂದಿದ್ದನ್ನು ನಾವೇ ನೋಡಿದ್ದೇವೆ. ನದಿ ದಂಡೆಯವರ ಹೆದರಿಕೆಗೆ ಹಳೆಯ ಕಾರಣಗಳಿವೆ.

ಆದರೆ ಅದೇ ದಂಡೆಯಲ್ಲಿ ಹೆದರದವರೂ ಇದ್ದರು. ಆನೆಗೊಂದಿ ಕಡೆಯ ಹರಿಗೋಲಿನವರು. ಹರಿಗೋಲುಗಳನ್ನು ಮೇಲೆ ಎಳೆದು ಬೋರಲು ಹಾಕಿ, ಅದರ ಮೇಲೇ ಕೂತು ಬೀಡಿ ಸೇದುತ್ತಿದ್ದರು. ಅವರಲ್ಲೊಬ್ಬ ಹಿರಿಯ ನನಗೆ ನದಿಯ ನಡುವಿನ ಬಂಡೆಯೊಂದನ್ನು ತೋರಿಸಿದ. "ಆ ಬಂಡಿ ನೆತ್ತಿ ಕಾಣೋತನಕ ನಾವು ಏಳಂಗಿಲ್ಲರೀ. ಅದು ಮುಳುಗಿತು ಅಂದ್ರ ಮನಿ ಖಾಲಿ ಮಾಡ್ತೀವಿ." ಡ್ಯಾಮಿನಿಂದ ಎಷ್ಟು ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ ನೀರು) ಬಿಟ್ಟರೆಂಬ ಸುದ್ದಿ ಅವನಿಗೂ ಮೊಬೈಲಿನಲ್ಲಿ ಬರುತ್ತದೆ. ಅದನ್ನು ಬಂಡೆಗೆ ಹೊಂದಿಸಿ ಓದುತ್ತಾನೆ. ಲಕ್ಷ ಕ್ಯುಸೆಕ್ ಅಂದರೆ ಯಾವ ಕಲ್ಲಿನವರೆಗೆ, ಎರಡು ಲಕ್ಷ ಅಂದರೆ ಯಾವ ಮೆಟ್ಟಿಲಿನವರೆಗೆ ಅಂತ ಲೆಕ್ಕ ಇಟ್ಟುಕೊಂಡಿದ್ದಾನೆ. ನಮ್ಮ ಬೀಗರ ಮನೆಗೂ ಅದೇ ಸಂದೇಶ ಬಂದಿತ್ತು. ಅದನ್ನು ಹೊಂದಿಸಿ ನೋಡಲು ಅವರ ಹತ್ತಿರ ಬಂಡೆ ಇರಲಿಲ್ಲ, ಅಷ್ಟೇ. ಎಚ್ಚರಿಕೆ ಸಂದೇಶ ಕಳಿಸಿದ್ದೇವೆ ಅನ್ನುವವರು ಒಂದು ಸಲ ಈ ಹರಿಗೋಲಿನ ಮೇಲೆ ಬಂದು ಕೂರಬೇಕು. ಊರೂರಿನ ಕಂಬಕ್ಕೆ, ಶಾಲೆಯ ಗೋಡೆಗೆ "ಇಷ್ಟು ಬಿಟ್ಟರೆ ನೀರು ಇಲ್ಲಿಗೆ" ಅಂತ ಬಣ್ಣದ ಗೆರೆ ಎಳೆಯಲು ಎಷ್ಟು ಖರ್ಚಾದೀತು?

ಇನ್ನು ಡ್ಯಾಮಿನ ಲೆಕ್ಕ. ಇದನ್ನು ಮಾವನಿಗೆ ಫೋನಿನಲ್ಲಿ ಹೇಳುವಷ್ಟರಲ್ಲಿ ನನಗೇ ಸಂಕಟವಾಯಿತು. ಒಂದು ಗೇಟು ಹೋಗಿದೆ, ಅದಕ್ಕೇ ಉಳಿದ ಗೇಟುಗಳನ್ನೂ ಎತ್ತಿ ಲಕ್ಷ ಕ್ಯುಸೆಕ್ ಹೊರಬಿಡುತ್ತಿದ್ದಾರೆ ಅಂದರೆ ಯಾವ ರೈತನಿಗೆ ಅರ್ಥವಾದೀತು?

"ಒಂದು ತೂತು ಬಿದ್ದಿದ್ದಕ್ಕ ಇಡೀ ಕೊಡಾನ ಬೋರಲ ಹಾಕ್ತಾರೇನು?"

ಹಾಕಲೇಬೇಕಿತ್ತು. ಸಮುದ್ರ ಮಟ್ಟದಿಂದ ಅಳೆದರೆ ಗೇಟುಗಳು ಕೂತಿರುವ ಕಟ್ಟೆಯ ಮಟ್ಟ 1613 ಅಡಿ, ಡ್ಯಾಮ್ ತುಂಬಿದಾಗ ನೀರಿನ ಮಟ್ಟ 1633. ಆ ಮೇಲಿನ 20 ಅಡಿ ಇಳಿಯದೆ ಹೊಸ ಗೇಟು ಕೂರಿಸುವುದು ಕಷ್ಟ ಎಂಬುದು ಮೊದಲ ಅಂದಾಜು. ಜಲಾಶಯ ತಟ್ಟೆಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ 105 ಟಿಎಂಸಿಯಲ್ಲಿ 60 ಟಿಎಂಸಿಗೂ ಹೆಚ್ಚು ನೀರು ನಿಂತಿರುವುದು ಆ ಮೇಲಿನ 20 ಅಡಿಯಲ್ಲೇ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಲಕ್ಷ ಕ್ಯುಸೆಕ್ ಬಿಟ್ಟರೆ ದಿನಕ್ಕೆ ಎಂಟೂವರೆ ಟಿಎಂಸಿ ಖಾಲಿ. ಕರ್ನಾಟಕದ್ದೇ ಸುಮಾರು 9 ಲಕ್ಷ ಎಕರೆ ಇದರ ಅಚ್ಚುಕಟ್ಟು, ಕೆಳಗೆ ಆಂಧ್ರ, ತೆಲಂಗಾಣದ ಪಾಲು ಬೇರೆ. ಇಷ್ಟೂ ಜನರ ಅನ್ನ ಒಂದು ಕೊಂಡಿಗೆ ತೂಗುತ್ತಿತ್ತು ಅನ್ನುವುದು ಅವತ್ತಿನ ತನಕ ನಮಗೆ ಗೊತ್ತೇ ಇರಲಿಲ್ಲ.

ಆಗ ನನಗೆ ನೆನಪಾದದ್ದು ಜೋಕಾಲಿ.

ನಮ್ಮ ಕಡೆ ಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟಬೇಕು. ಮಾವನ ಮನೆಯ ಮುಂದಿನ ಬೇವಿನ ಮರಕ್ಕೆ ಪ್ರತಿ ವರ್ಷ ಅವನೇ ಕಟ್ಟುತ್ತಾನೆ. ಕಟ್ಟುವ ಮೊದಲು ಅಟ್ಟದ ಮೇಲಿಂದ ಹಗ್ಗ ಇಳಿಸಿ, ಅಂಗಳದುದ್ದ ಹಾಸಿ, ಮೊಳ ಮೊಳಕ್ಕೂ ಎಳೆ ಬಿಚ್ಚಿ ಮೂಸಿ ನೋಡುತ್ತಾನೆ. ಹೌದು, ಮೂಸುತ್ತಾನೆ. ಮುಗ್ಗಲು ವಾಸನೆ ಬಂದರೆ ಆ ಹಗ್ಗ ಹುಲ್ಲಿನ ಹೊರೆ ಕಟ್ಟಲು ಹೋಗುತ್ತದೆ. ಸರಿಯಿದ್ದರೂ ಮೊದಲು ಮಕ್ಕಳನ್ನು ಕೂರಿಸುವುದಿಲ್ಲ. ಎರಡು ಚೀಲ ನೆಲ್ಲು ಕಟ್ಟಿ ಹತ್ತು ಸಲ ಜೀಕಿಸುತ್ತಾನೆ, ಆಮೇಲೆ ತಾನು ಕೂರುತ್ತಾನೆ, ಆಮೇಲೆ ಮಕ್ಕಳು. ಹೋದ ವರ್ಷವಷ್ಟೇ ಕೊಂಡ ಹಗ್ಗಕ್ಕೆ ಇಷ್ಟೆಲ್ಲ ಯಾಕೆ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ. "ಹಗ್ಗ ಹೊರಗಿಂದ ಸಾಯಂಗಿಲ್ಲೋ, ಒಳಗಿಂದ ಲಡ್ಡ ಆಗ್ತೈತಿ" ಅಂದಿದ್ದ. ಹಿತ್ತಲಿನ ಗೇಟಿಗೆ ತಂತಿ ಸುತ್ತಿ ಎರಡು ವರ್ಷ ತಳ್ಳುವ ಮನುಷ್ಯನೇ ಇವನು. ಅಲ್ಲಿ ಎಮ್ಮೆ ಹಾಯುತ್ತದೆ, ಇಲ್ಲಿ ಮಕ್ಕಳು ಕೂರುತ್ತಾರೆ. ಎಲ್ಲಿ ಸಡಿಲ ಬಿಡಬಹುದು, ಎಲ್ಲಿ ಬಿಡಬಾರದು ಅನ್ನುವ ಭೇದ ಅವನಿಗೆ ಗೊತ್ತು.

ಯಾರ ತಪ್ಪು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಅದನ್ನು ಆ ವಾರ ಟೀವಿಯವರು ಸಾಕಷ್ಟು ಮಾಡಿದರು. ನನಗೆ ಚುಚ್ಚಿದ್ದು ಬೇರೆ. ಗೇಟು ಹೋದರೆ ಅದರ ಜಾಗಕ್ಕೆ ಇಳಿಸಲು ಮೊದಲೇ ಮಾಡಿಟ್ಟ ತಡೆಹಲಗೆ, ಎಂಜಿನಿಯರುಗಳು ಸ್ಟಾಪ್ ಲಾಗ್ ಅನ್ನುತ್ತಾರಲ್ಲ, ಅದು ಅಲ್ಲಿರಲಿಲ್ಲ. ಹೊಸಪೇಟೆ, ತೋರಣಗಲ್ಲು ಕಡೆಯ ಕಾರ್ಖಾನೆಗಳಲ್ಲಿ ರಾತ್ರಿ ಹಗಲು ಕೂತು ಮಾಡಬೇಕಾಯಿತು. ಈ ಭಾಗದಲ್ಲಿ ಉಕ್ಕಿನ ಕಾರ್ಖಾನೆಗಳಿರುವುದು ನಮ್ಮ ಅದೃಷ್ಟ. ಇಲ್ಲದಿದ್ದರೆ ಆ ಉಕ್ಕನ್ನು ಎಲ್ಲಿಂದ ತರಿಸುತ್ತಿದ್ದರು, ಎಷ್ಟು ದಿನ ಹಿಡಿಯುತ್ತಿತ್ತು, ಅಷ್ಟರಲ್ಲಿ ಎಷ್ಟು ಟಿಎಂಸಿ ಹೋಗುತ್ತಿತ್ತು?

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ನೀರು ಪೂರ್ತಿ ಇಳಿಯುವವರೆಗೆ ಕಾಯದೆ ಹರಿಯುವ ನೀರಿನಲ್ಲೇ ಹಲಗೆ ಇಳಿಸುತ್ತೇನೆ ಅಂದರು. ಅಡ್ಡಡ್ಡ ಐದು ತುಂಡು, ಒಂದರ ಮೇಲೊಂದು. ಮೊದಲನೆಯದು ಇಳಿದದ್ದು 16ರ ಸಂಜೆ, ವರಮಹಾಲಕ್ಷ್ಮಿ ಹಬ್ಬದ ದಿನ. ನಾನಾಗ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿದ್ದೆ. ನಲವತ್ತು ಜನ ಒಂದು ಟೀವಿಗೆ ಮುಖ ಮಾಡಿ ನಿಂತಿದ್ದರು. ಕ್ರೇನಿನ ಕೊಕ್ಕೆಯಲ್ಲಿ ಉಕ್ಕಿನ ಹಲಗೆ ತೂಗುತ್ತಿದೆ, ಕೆಳಗೆ ಬೆಳ್ಳಗೆ ನೀರು. ಚಹಾ ಆರಿಹೋದರೂ ಯಾರೂ ಲೋಟ ಎತ್ತಲಿಲ್ಲ. ಹಲಗೆ ಕೂತಾಗ ಅಂಗಡಿಯವನು ಗಲ್ಲಾ ಮೇಲಿನ ಲಕ್ಷ್ಮಿ ಫೋಟೋಕ್ಕೆ ಕೈ ಮುಗಿದು, "ನಲವತ್ತೂ ಚಾ ನನ್ನ ಲೆಕ್ಕ" ಅಂದ. ಮಾರನೆಯ ದಿನಕ್ಕೆ ಉಳಿದವೂ ಕೂತವು. ಆ ಹೊತ್ತಿಗೆ ಡ್ಯಾಮಿನಲ್ಲಿ 70 ಟಿಎಂಸಿ ಆಸುಪಾಸು ಉಳಿದಿತ್ತು. ಸೆಪ್ಟೆಂಬರಿನಲ್ಲಿ ಮಳೆ ಕೈಹಿಡಿಯಿತು, ಡ್ಯಾಮ್ ಮತ್ತೆ ತುಂಬಿತು, ಬಾಗಿನ ಬಿಟ್ಟರು. ಆ ವರ್ಷ ಎರಡೂ ಬೆಳೆ ಬಂತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಮಾವನ ಮೂರು ವರ್ಷದ ಲೆಕ್ಕ ನೋಡಿ. 2023ರಲ್ಲಿ ಮಳೆ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಡ್ಯಾಮ್ ತುಂಬಲಿಲ್ಲ, ಎರಡನೇ ಬೆಳೆಗೆ ನೀರಿಲ್ಲ. 2024ರಲ್ಲಿ ಭರ್ತಿ ಡ್ಯಾಮು, ಹೋದ ಗೇಟು, ಒಂದು ವಾರ ಊಟ ನಿದ್ದೆ ಇಲ್ಲ. 2025ರಲ್ಲಿ ಮೇ ತಿಂಗಳಲ್ಲೇ ಮಳೆ ಸುರಿಯಿತು. ಆದರೆ ಉಳಿದ ಗೇಟುಗಳೂ ಹಳೆಯವೇ, ತಜ್ಞರು ಎಲ್ಲ 33ನ್ನೂ ಬದಲಿಸಬೇಕೆಂದಿದ್ದರು, ಅದಕ್ಕೆ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸುವುದು ಬೇಡವೆಂದು ತೀರ್ಮಾನವಾಯಿತು. ಹೆಚ್ಚಿನದು ವಾರಗಟ್ಟಲೆ ನದಿಗೆ ಹೋಯಿತು. ಕೊನೆಗೆ ಹೊಸ ಗೇಟು ಕೂರಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಕೊಡುವುದಿಲ್ಲ ಅಂದರು. ಮಳೆ ಬರದ ವರ್ಷವೂ ಎರಡನೇ ಬೆಳೆ ಇಲ್ಲ, ಮಳೆ ಹೆಚ್ಚಾದ ವರ್ಷವೂ ಎರಡನೇ ಬೆಳೆ ಇಲ್ಲ.

ಗೇಟು ಬದಲಿಸುವ ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ. ಅದನ್ನು ಮಾವನ ಎದುರು ಹೇಳಿ ಬೈಸಿಕೊಂಡಿದ್ದೇನೆ. ಹತ್ತು ವರ್ಷ ಮೊದಲೇ ವರ್ಷಕ್ಕೆ ನಾಲ್ಕರಂತೆ ಬದಲಿಸಿದ್ದರೆ ಯಾರ ಬೆಳೆಯೂ ನಿಲ್ಲುತ್ತಿರಲಿಲ್ಲ ಅನ್ನುವ ಅವನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹೊಸ ಡ್ಯಾಮಿಗೆ ಶಂಕುಸ್ಥಾಪನೆಯ ಕಲ್ಲು ನೆಡಬಹುದು, ಹಳೆ ಸರಪಳಿ ಬದಲಿಸಿದ್ದಕ್ಕೆ ಯಾರು ಕಲ್ಲು ನೆಡುತ್ತಾರೆ? ದೇಶದಲ್ಲಿ 2021ರಿಂದ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ. ಕಾಯ್ದೆ ಇರುವುದು ಒಳ್ಳೆಯದೇ. ಹಗ್ಗ ಮೂಸುವವನಿಗೆ ಸಂಬಳ, ಗೌರವ ಎರಡೂ ಇರಬೇಕು ಅಷ್ಟೇ.

ಡ್ಯಾಮಿನ ಹೊಟ್ಟೆಯೂ ಚಿಕ್ಕದಾಗುತ್ತಿದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105. ಉಳಿದದ್ದು ಹೂಳು. ಮೊದಲಾದರೆ ಮಲೆನಾಡಿನ ಮಳೆ ನಾಲ್ಕು ತಿಂಗಳು ಜಿನುಗಿ ಜಿನುಗಿ ತುಂಗೆ, ಭದ್ರೆಗೆ ಇಳಿಯುತ್ತಿತ್ತು, ಕೂಡಲಿ ದಾಟಿ ನಿಧಾನಕ್ಕೆ ಬರುತ್ತಿತ್ತು. ಈಗ ಒಂದು ವಾರ ಹುಚ್ಚು ಮಳೆ, ಮೂರು ವಾರ ಬಿಸಿಲು. ಬಂದಾಗ ಹಿಡಿದಿಡಲು ಜಾಗ ಸಾಲದು, ಬಾರದಾಗ ತೆಗೆದು ಕೊಡಲು ನೀರು ಸಾಲದು. ಹೂಳಿನಿಂದ ಕಳೆದ ಜಾಗಕ್ಕೆ ಬದಲಾಗಿ ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ, ಹೆಚ್ಚಾದ ನೀರು ಹಿಡಿದಿಡಲು ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಕಟ್ಟಲಿ ಅನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಜಮೀನು ಕಳೆದುಕೊಳ್ಳುವವರ ಮುಖವೂ ಕಣ್ಣ ಮುಂದೆ ಬರುತ್ತದೆ.

ಇಷ್ಟು ಹೇಳಿ ನಮ್ಮ ಮನೆಯ ಕಳ್ಳತನ ಮುಚ್ಚಿಟ್ಟರೆ ತಪ್ಪಾಗುತ್ತದೆ. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ನೆಲ್ಲು ಬೆಳೆಯುವ ಜಮೀನು ಸ್ವಲ್ಪವೇ ಇರಬೇಕಿತ್ತು. ನೀರು ಕಂಡದ್ದೇ ತಡ, ಕಾಲುವೆಯ ಮೇಲ್ಭಾಗದ ನಾವೆಲ್ಲ ನೆಲ್ಲು ಹಚ್ಚಿದೆವು, ಗಂಗಾವತಿ ಭತ್ತದ ಕಣಜ ಆಯಿತು, ಸೋನಾ ಮಸೂರಿ ಬೆಂಗಳೂರಿನ ತಟ್ಟೆ ಸೇರಿತು. ಆ ದುಡ್ಡಿನಲ್ಲೇ ನಾನು ಓದಿದ್ದು. ಕೆಳಗೆ ಮಾನ್ವಿ, ಸಿರವಾರದ ಕಡೆಯವರು ಪ್ರತಿ ವರ್ಷ 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ಗೇಜ್ (ಕಾಲುವೆಯಲ್ಲಿ ಇರಬೇಕಾದ ನೀರಿನ ಮಟ್ಟ) ಬಂದಿಲ್ಲ ಅಂತ ರಸ್ತೆಗಿಳಿಯುತ್ತಾರೆ. ಕಾಲುವೆಗುಂಟ ನಿಷೇಧಾಜ್ಞೆ ಹಾಕಿ ಪೊಲೀಸರು ಗಸ್ತು ತಿರುಗುತ್ತಾರೆ. ಕಾಲುವೆ ಕೊನೆಯ ಹಳ್ಳಿಗಳು ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳುವುದೂ ಇದೇ ನೀರಿನಿಂದ. ಗೇಟು ಹೋದಾಗ ನಮಗೆ ಒಂದು ವಾರ ಆದ ಹೊಟ್ಟೆಸಂಕಟ ಅವರಿಗೆ ವರ್ಷ ವರ್ಷದ್ದು, ನಮ್ಮಿಂದಲೇ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಂಪಿಯಲ್ಲಿ ತುರ್ತು ಎಂಬ ಹೆಸರಿನ ಕಾಲುವೆಯ ದಂಡೆಗುಂಟ ನಡೆದೆ. ವಿಜಯನಗರ ಕಾಲದ್ದು, ಈಗಲೂ ಬಾಳೆ, ಕಬ್ಬಿನ ತೋಟಗಳಿಗೆ ನೀರುಣಿಸುತ್ತದೆ. ಅದರ ಒಡ್ಡು ನೋಡಿದರೆ ಎಂಜಿನಿಯರಿಂಗ್ ಅನ್ನಿಸುವುದೇ ಇಲ್ಲ. ನದಿಯಲ್ಲಿ ಮೊದಲೇ ಬಿದ್ದಿರುವ ಬಂಡೆಗಳ ನಡುವೆ ಕಲ್ಲು ಜೋಡಿಸಿ, ಪ್ರವಾಹದ ಒಂದು ಪಾಲನ್ನು ಪಕ್ಕಕ್ಕೆ ತಿರುಗಿಸಿದ್ದಾರೆ. ಹೆಚ್ಚಾದ ನೀರು ಒಡ್ಡಿನ ಮೇಲೇ ಹಾರಿ ಹೋಗುತ್ತದೆ. ಒಂದು ಕಲ್ಲು ಜರುಗಿದರೆ ಒಂದು ಕಲ್ಲಿನಷ್ಟು ನೀರು ಸೋರುತ್ತದೆ, ನಾಲ್ಕು ಜನ ಸೇರಿ ತಳ್ಳಿ ಕೂರಿಸಬಹುದು. ವರ್ಷದಲ್ಲಿ ಹನ್ನೊಂದು ತಿಂಗಳು ಹರಿದು, ಒಂದು ತಿಂಗಳು ನಿಲ್ಲಿಸಿ ರಿಪೇರಿ ಮಾಡಿಕೊಳ್ಳುವ ರೂಢಿ. ಹಳೆಯದೆಲ್ಲ ಬಂಗಾರ ಅನ್ನುವ ಭ್ರಮೆ ನನಗಿಲ್ಲ. ಈ ಕಾಲುವೆಗಳ ಅಚ್ಚುಕಟ್ಟು ನದಿಯ ಪಕ್ಕದ ಒಂದಿಷ್ಟು ನೆಲ, ಮಾವನ ಊರಿಗೆ ಹತ್ತು ರಾಯರು ಬಂದರೂ ಅದು ನೀರು ತರಲಾರದು. ಈಗಂತೂ ಇವೂ ಡ್ಯಾಮಿನಿಂದ ಬಿಟ್ಟ ನೀರನ್ನೇ ನಂಬಿವೆ. ಆದರೂ ಆ ಒಂದು ತಿಂಗಳ ರಜೆ ನನ್ನ ತಲೆಯಲ್ಲಿ ಉಳಿಯಿತು. ರಿಪೇರಿಯನ್ನೂ ಬೆಳೆಯ ಲೆಕ್ಕದಲ್ಲೇ ಸೇರಿಸಿದ್ದಾರೆ.

ಮಾವನ ಊರಿರುವ ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಂದನ್ನು ಕಣ್ಣಾರೆ ಕಂಡಿದ್ದೇನೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಹಿರೇಹಳ್ಳ ಸ್ವಚ್ಛ ಮಾಡೋಣ ಅಂತ ಹಳ್ಳಕ್ಕಿಳಿದರು. ಸುಮಾರು 25 ಕಿಲೋಮೀಟರ್ ಹಳ್ಳ, ಜಾಲಿ ಬೆಳೆದು, ಕಸ ತುಂಬಿ ಗುರುತೇ ಸಿಗದಂತಾಗಿತ್ತು. ಜನ ಟ್ರ್ಯಾಕ್ಟರ್, ಜೆಸಿಬಿ ತಂದರು, ರೊಟ್ಟಿ ಕಟ್ಟಿಕೊಂಡು ಬಂದರು, ದುಡ್ಡು ಕೊಟ್ಟರು. ಮುಂದಿನ ಮಳೆಗೆ ಹಳ್ಳದಲ್ಲಿ ನೀರು ನಿಂತಿತು. ಮಠದ ಮಾತಿಗೆ ಇಳಿದ ಜನ ಗ್ರಾಮಸಭೆಯ ಮಾತಿಗೂ ಇಳಿದಾರೇ ಅನ್ನುವುದು ನನ್ನ ಹಳೆಯ ಅನುಮಾನ. ಸ್ವಾಮೀಜಿ ಎಷ್ಟು ಹಳ್ಳಕ್ಕೆ ಇಳಿಯುತ್ತಾರೆ ಪಾಪ.

2025ರ ಡಿಸೆಂಬರಿನಲ್ಲಿ ಹಳೆಯ ಗೇಟುಗಳನ್ನು ಕತ್ತರಿಸಿ ತೆಗೆಯುವ ಕೆಲಸ ಶುರುವಾಯಿತು. ಆಮೇಲೊಂದು ಭಾನುವಾರ ಊರಿಗೆ ಹೋದಾಗ ಮಾವ ಮನೆಯಲ್ಲಿರಲಿಲ್ಲ, ಉಪಕಾಲುವೆಯಲ್ಲಿದ್ದ. ಅವನ ಜೊತೆ ಇನ್ನೂ ಆರೇಳು ಜನ. ನೀರಿಲ್ಲದ ಕಾಲುವೆಯ ತಳ ನಾನು ನೋಡಿದ್ದೇ ಕಡಿಮೆ. ಬಿರುಕುಬಿಟ್ಟ ಕೆಸರು, ಒಂದು ಚಪ್ಪಲಿ, ಸಾರಾಯಿ ಪಾಕೀಟು, ಸಿಮೆಂಟು ಕಿತ್ತುಹೋದ ಕಡೆ ಬೆಳೆದ ಬಳ್ಳಾರಿ ಜಾಲಿ. ಅದರ ಬೇರು ಕಲ್ಲಿನ ಸಂದಿಗೆ ಹೊಕ್ಕು ಹಲಗೆಯನ್ನೇ ಎತ್ತಿತ್ತು. ಮಾವ ಕೊಡಲಿ ಹಿಡಿದು ಬೇರಿನ ಬುಡ ಕೆರೆಯುತ್ತಿದ್ದ.

"ನೀರಿದ್ದಾಗ ಇದು ಕಾಣಂಗಿಲ್ಲ ನೋಡು" ಅಂದ.

ಮೂರು ಎಕರೆಯಲ್ಲಿ ಎರಡಕ್ಕೆ ಕಡಲೆ ಹಾಕಿದ್ದ, ಒಂದನ್ನು ಹಾಗೇ ಬಿಟ್ಟಿದ್ದ. ಕೃಷಿ ಹೊಂಡ ತೋಡಿಸುವ ಮಾತು ಬಂದಾಗ ಅತ್ತೆ "ಅರ್ಧ ಎಕರೆ ಹೊಂಡಕ್ಕ ಕೊಟ್ರ ಉಣ್ಣೋದೇನು" ಅಂದಳಂತೆ, ಅದು ಅಲ್ಲಿಗೇ ನಿಂತಿದೆ.

ಜೆಸಿಬಿ ತಂದರೆ ಎರಡು ದಿನದಲ್ಲಿ ಇಡೀ ಉಪಕಾಲುವೆಯ ಜಾಲಿ ಕೀಳಬಹುದು ಅಂತ ಒಬ್ಬ ಅಂದ. ಡೀಸೆಲ್ ದುಡ್ಡು ಎಕರೆ ಲೆಕ್ಕದಲ್ಲಿ ಹಾಕೋಣ ಅಂದ ಇನ್ನೊಬ್ಬ. ಮೇಲಿನ ತೂಬಿನವರು ಹೆಚ್ಚು ನೀರು ಉಣ್ಣುತ್ತಾರೆ, ಅವರು ಹೆಚ್ಚು ಕೊಡಲಿ ಅಂತ ಕೆಳಗಿನ ತೂಬಿನವನ ವಾದ. ಕೆಳಗಿನವರಿಗಾಗಿಯೇ ತಾನೇ ಸ್ವಚ್ಛ ಮಾಡುವುದು, ಅವರೇ ಹೆಚ್ಚು ಕೊಡಲಿ ಅಂತ ಮೇಲಿನವನ ವಾದ. ಮಾವ ನಡುವಿನ ತೂಬಿನವನು. ಕೊಡಲಿಯನ್ನು ನನ್ನ ಕೈಗೆ ಕೊಟ್ಟು, ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಇಬ್ಬರ ನಡುವೆ ಹೋಗಿ ಕೂತ. ಮಧ್ಯಾಹ್ನ ರೊಟ್ಟಿ ಬುತ್ತಿ ಬಂದಾಗಲೂ ಲೆಕ್ಕ ಹರಿದಿರಲಿಲ್ಲ. ನಾನು ಎರಡು ಜಾಲಿ ಕಡಿದು, ಕೈಗೆ ಮುಳ್ಳು ಚುಚ್ಚಿಸಿಕೊಂಡು ಸಂಜೆ ಬಸ್ಸಿಗೆ ಹೊರಟೆ.